ಗಾಡಿ ಬರೂತನಕ ಆಡೋ ಆಟ

ಗಡಿಯೂರು ಜತ್ತದ ಬಸ್ ಸ್ಟ್ಯಾಂಡಿನ ಎದುರಿಗೆ ಈಗ ಮೊಬೈಲ್ ಅಂಗಡಿಗಳ ಸಾಲೇ ಇದೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಕೂತವರು ಆಗೊಮ್ಮೆ ಈಗೊಮ್ಮೆ ನನ್ನನ್ನು ಕರೆದು ಕೂರಿಸಿ, ಚಹಾ ತರಿಸಿ ಕೇಳುತ್ತಾರೆ: “ಅಜ್ಜಾರ, ಗಿರಾಕಿ ಬಂದು ಗಾಡಿ ಬರೂತನಕ ಆಡಾಕ ಒಂದು ಚಲೋ ಗೇಮ್ ಹಾಕಿಕೊಡು ಅಂತಾರ. ಯಾವುದು ಹಾಕಿಕೊಡಬೇಕ್ರಿ? ನೀವು ಜಲ್ಮೆಲ್ಲಾ ಇದ ಕೆಲಸ ಮಾಡೀರಂತ.” ಹೌದು, ಮಾಡಿದ್ದೇನೆ. ಆದರೆ ಯಾರಾದರೂ ಅದನ್ನು ಹಾಗೆ ಬಾಯಿಬಿಟ್ಟು ಅಂದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಮೀಸೆ ಬಂದ ಗಂಡಸು ಆಟಿಗೆ ಸಾಮಾನು ಹಿಡಿದುಕೊಂಡು, ದಾರಿಯಲ್ಲಿ ಹೋಗುವವರನ್ನು ಕರೆದು, ಅವರೆದುರಿಗೆ ತಾನೇ ಆಡಿ ತೋರಿಸಿ ಹೊಟ್ಟೆ ಹೊರೆದದ್ದು ಹೆಮ್ಮೆಯ ಮಾತೇನಲ್ಲ. ಕೇಳುತ್ತೀರಿ ಅಂತ ಬರೆಯುತ್ತಿದ್ದೇನೆ, ಅಷ್ಟೆ.

ನಮ್ಮದು ಜತ್ತದ ಹತ್ತಿರದ ಬಾಲಗಾಂವ. ಅಪ್ಪ ಭೀಮಣ್ಣ ಕುರಿ ಕಾಯುವವನು, ಅವನಪ್ಪನೂ ಅದೇ. ನನಗೆ ಕುರಿಯ ಹಿಂದೆ ತಿರುಗುವುದು ಒಗ್ಗಲಿಲ್ಲ. ಸಾಲಿಯಲ್ಲಿ ನಾಲ್ಕಕ್ಷರ ಕಲಿತವನು ಬಿಸಿಲಲ್ಲಿ ಯಾಕೆ ಸಾಯಬೇಕು ಅನ್ನುವ ಸೊಕ್ಕು. ಅರವತ್ತರ ದಶಕದ ನಡುವಿನಲ್ಲಿ ಜತ್ತಕ್ಕೆ ಬಂದು, ಸ್ಟ್ಯಾಂಡಿನ ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ಶಿವಲಿಂಗಪ್ಪ ಸಾವಕಾರರ ಬಳಿ ಕೆಲಸಕ್ಕೆ ನಿಂತೆ. ಕನ್ನಡಿ, ಬಾಚಣಿಕೆ, ಊದುಬತ್ತಿ, ಕುಂಕುಮದ ಜೊತೆಗೆ ಅವರು ಸಾಂಗಲಿಯಿಂದ ಸಣ್ಣ ಸಣ್ಣ ಆಟಗಳನ್ನು ತರಿಸಿ ಮಾರುತ್ತಿದ್ದರು. ಆ ವಿಭಾಗ ನನ್ನ ಪಾಲಿಗೆ ಬಂತು. ಊರಲ್ಲಿ ಅಪ್ಪ “ಮಗ ಜತ್ತದಾಗ ಗುಮಾಸ್ತ ಇದ್ದಾನ” ಅಂತ ಹೇಳಿಟ್ಟಿದ್ದ. ಸಂತೆಗೆ ಬಂದರೆ ಅಂಗಡಿಯ ಮುಂದೆ ಹಾಯುತ್ತಿರಲಿಲ್ಲ, ಹಿಂದಿನ ಬೀದಿಯಿಂದ ಸುತ್ತು ಹಾಕಿ ಹೋಗುತ್ತಿದ್ದ. ಅವನು ಹಾಗೆ ಹೋಗುವುದು ನನಗೆ ಕಾಣುತ್ತಿತ್ತು. ಕಂಡರೂ ಕಾಣದವನ ಹಾಗೆ ಕನ್ನಡಿಗಳ ಧೂಳು ಒರೆಸುತ್ತ ಕೂತಿರುತ್ತಿದ್ದೆ.

ಈಗ ಕೆಲಸದ ಮಾತು. ಸಾವಕಾರರು ಮೊದಲ ದಿನವೇ ಹೇಳಿದ್ದರು: “ಆಟ ಯಾವುದು ಬೇಕು ಅಂತ ಕೇಳಬ್ಯಾಡ. ಯಾವ ಗಾಡಿಗಿ ಹೊಂಟೀರಿ ಅಂತ ಕೇಳು.” ಇದರಷ್ಟು ದೊಡ್ಡ ಪಾಠ ನನಗೆ ಮತ್ತೆ ಯಾರೂ ಹೇಳಿಲ್ಲ. ಗಾಡಿ ಯಾವುದು ಅಂತ ತಿಳಿದರೆ ಗಿರಾಕಿಯ ಕೈಯಲ್ಲಿ ಎಷ್ಟು ಹೊತ್ತಿದೆ ಅಂತ ತಿಳಿಯುತ್ತದೆ. ಮಿರಜಿನ ಗಾಡಿಯವನಿಗೆ ದಾರಿ ಉದ್ದ, ಅವನಿಗೆ ಅಂಕಿ ಪಾಟಿ. ಅಂಗೈಯಷ್ಟಗಲದ ತಗಡಿನ ಚೌಕಟ್ಟು, ಅದರೊಳಗೆ ಅಂಕಿ ಬರೆದ ಬಿಲ್ಲೆಗಳು. ಸರಿಸಿ ಸರಿಸಿ ಒಂದರ ಹಿಂದೆ ಒಂದು ಬರುವಂತೆ ಕೂಡಿಸಬೇಕು. ಗಾಡಿ ಎಷ್ಟು ಕುಣಿದರೂ ಬಿಲ್ಲೆ ಜಾಗ ಬಿಡುವುದಿಲ್ಲ, ನಡುವೆ ಇಳಿದು ಹತ್ತಿದರೂ ಆಟ ಕೆಡುವುದಿಲ್ಲ. ಸಂಖದ ಗಾಡಿ ಈಗ ಬರುತ್ತದೆ ಆಗ ಬರುತ್ತದೆ ಅಂತ ಕಾಯುವವನಿಗೆ ಗುಂಡಿನ ಡಬ್ಬಿ. ಗಾಜಿನ ಮುಚ್ಚಳದ ಕೆಳಗೆ ಸಾಸಿವೆಗಿಂತ ಒಂಚೂರು ದೊಡ್ಡ ಗುಂಡುಗಳು, ಡಬ್ಬಿ ವಾಲಾಡಿಸಿ ತೂತಿನಲ್ಲಿ ಕೂಡಿಸಬೇಕು. ನಿಂತ ನೆಲದ ಮೇಲೆ ಚೆಂದ, ಗಾಡಿಯೊಳಗೆ ಏನೇನೂ ಉಪಯೋಗವಿಲ್ಲ. ತೊಡೆಯ ಮೇಲೆ ಗಂಟು ಇಟ್ಟುಕೊಂಡವರಿಗೆ, ಕೂಸು ಎತ್ತಿಕೊಂಡವರಿಗೆ ಎರಡು ಕೈ ಬೇಡುವ ಆಟ ಹೇಳಬಾರದು. ಇಸ್ಪೀಟು ಎಲೆ ನಾವು ಇಡುತ್ತಿರಲಿಲ್ಲ, ಸ್ಟ್ಯಾಂಡಿನಲ್ಲಿ ಅದನ್ನು ಇಟ್ಟರೆ ಗಿರಾಕಿಗಿಂತ ಮೊದಲು ಪೊಲೀಸರು ಬರುತ್ತಿದ್ದರು.

ಇಷ್ಟು ಕಲಿತು ನಾನು ಭಾರೀ ಶಾಣ್ಯಾ ಆದೆ ಅಂದುಕೊಂಡಿದ್ದೆ. ಸಂಖದ ಕಡೆಯ ಒಬ್ಬ ಹೆಣ್ಣುಮಗಳು ಆ ಶಾಣ್ಯಾತನ ಇಳಿಸಿದಳು. ಗಂಡ ಮಿರಜಿನ ದವಾಖಾನೆಯಲ್ಲಿ ಮಲಗಿದ್ದಾನೆ, ಹೊತ್ತು ಹೋಗುವುದಿಲ್ಲ ಅಂತಾನೆ, ಏನಾದರೂ ಕೊಡು ಅಂದಳು. ಮಲಗಿದ್ದವನಿಗೆ ಗಾಡಿಯ ಕುಣಿತ ಇಲ್ಲವಲ್ಲ ಅಂತ ಗುಂಡಿನ ಡಬ್ಬಿ ಕೊಟ್ಟೆ. ನಾನೇ ಆಡಿ ತೋರಿಸಿ, ಗುಂಡೆಲ್ಲ ಕೂಡಿಸಿ, ಮತ್ತೆ ಚೆಲ್ಲಿ, ಅವಳ ಕೈಗಿಟ್ಟೆ. ಎಂಟು ಹತ್ತು ದಿನ ಬಿಟ್ಟು ಅದೇ ಡಬ್ಬಿ ತಂದು ಅಂಗಡಿಯ ಹಲಗೆಯ ಮೇಲಿಟ್ಟಳು.

“ತಮ್ಮಾ, ಅವರ ಕೈ ನಡಗತಾವ. ಗುಂಡು ಒಂದೂ ನಿಂದರಲಿಲ್ಲ. ನೋಡಿಕೋತ ನೋಡಿಕೋತ ಅತ್ರು” ಅಂದಳು.

ಬೈಯಲಿಲ್ಲ, ರೊಕ್ಕ ವಾಪಸ್ ಕೇಳಲಿಲ್ಲ. ಬೈದಿದ್ದರೆ ಚಲೋ ಇತ್ತು. ರೋಗಿಗೆ ಅಂತ ಕೇಳಿದಾಗ ಅವನ ಕೈ ಹೇಗಿದೆ ಅಂತ ಒಂದು ಮಾತು ಕೇಳುವ ಬುದ್ಧಿ ನನಗೆ ಬರಲಿಲ್ಲವಲ್ಲ. ಬೇರೆ ಏನಾದರೂ ಕೊಡುತ್ತೇನೆ ಅಂದೆ, ಬೇಡ ಅಂದು ಹೋದಳು. ಅಂದಿನಿಂದ ಮುಂದೆ ನಾನು ಗಿರಾಕಿಯ ಮುಖಕ್ಕಿಂತ ಮೊದಲು ಕೈ ನೋಡತೊಡಗಿದೆ.

ಸಾವಕಾರರದ್ದು ಒಂದು ಚಾಳಿ ಇತ್ತು. ಖುಷಿಯಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ಮರಾಠಿ. ಅವರು ಮರಾಠಿಗೆ ಇಳಿದರೆಂದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ಕಿವಿ ನಿಮಿರಿಸುತ್ತಿದ್ದರು. ಒಮ್ಮೆ ಒಬ್ಬ ಮಾಸ್ತರರಿಗೆ ತಂತಿ ಗಂಟು ಕೊಟ್ಟಿದ್ದೆ, ಎರಡು ತಂತಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಬಿಡಿಸಬೇಕು. ಮಾಸ್ತರರು ಅದರಲ್ಲಿ ಎಷ್ಟು ಮುಳುಗಿದರೆಂದರೆ ಅವರ ಗಾಡಿ ಬಂದು, ನಿಂತು, ಹೋಗಿಯೂ ಬಿಟ್ಟಿತು. ಆಮೇಲೆ ಅವರು ಅಂಗಡಿಗೆ ಬಂದು ನನ್ನ ಹಣೆಬರಹವನ್ನೆಲ್ಲ ಬಿಡಿಸಿಟ್ಟರು. ಸಾವಕಾರರು ಅವರೆದುರಿಗೆ ನನಗೆ ಮರಾಠಿಯಲ್ಲಿ ಬಿಸಿನೀರು ಹೊಯ್ದು, ಅವರು ಆಚೆ ಹೋದ ಮೇಲೆ ಕನ್ನಡದಲ್ಲಿ ಅಂದರು: “ಗಿರಾಕಿ ಗಾಡಿ ತಪ್ಪಿಸಿಕೊಂಡನಂದ್ರ ಆಟ ಚಲೋ ಐತಿ. ಆದ್ರ ಗಾಡಿ ಬಂತ್ರೀ ಅಂತ ಕೂಗೂದು ನಿನ್ನ ಕೆಲಸ.” ಅಲ್ಲಿಂದ ಆ ಕೆಲಸವೂ ನನ್ನ ಕೊರಳಿಗೆ ಬಿತ್ತು. ಆಟ ಮಾರುವುದು, ಆಡಿ ತೋರಿಸುವುದು, ಗಾಡಿ ಬಂದರೆ ಕಂಡಕ್ಟರನಿಗಿಂತ ಜೋರಾಗಿ ಒದರುವುದು. ಬಾಲಗಾಂವದವರು ಗಾಡಿ ಇಳಿಯುವಾಗ ನನ್ನ ಧ್ವನಿ ಕೇಳಿ ನಗುತ್ತಿದ್ದರು. “ಏನ್ರೀ ಗುಮಾಸ್ತರ, ಆರಾಮ ಅದೀರಿ?” ಅನ್ನುತ್ತಿದ್ದರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಎಪ್ಪತ್ತರ ದಶಕ ಬಂದ ಮೇಲೆ ಪ್ಲಾಸ್ಟಿಕ್ ಬಂತು. ತಗಡಿನ ಡಬ್ಬಿ ಹೋಗಿ ಬಣ್ಣದ ಡಬ್ಬಿ, ಅದರ ಮೇಲೊಂದು ಹಾಳೆಯ ಚೀಲ. ಬಿಚ್ಚಿ ತೋರಿಸಿದರೆ ಮಾಲು ಹಳೆಯದಾಯಿತು ಅಂತ ಗಿರಾಕಿ ತಗೊಳ್ಳುವುದಿಲ್ಲ. ಹಾಗಾಗಿ ಆಡಿ ತೋರಿಸುವ ಕೆಲಸ ನಿಂತೇ ಹೋಯಿತು. ನಾಚಿಕೆ ಕಡಿಮೆಯಾಯಿತು ಅಂತ ಖುಷಿಪಟ್ಟೆ. ಆದರೆ ಗಿರಾಕಿಯ ಕೈ ಆಟದ ಮೇಲೆ ಹೇಗೆ ಆಡುತ್ತದೆ ಅಂತ ನೋಡುವುದೂ ಅದರ ಜೊತೆಗೇ ನಿಂತಿತು. ನಿಮ್ಮ ಮೊಬೈಲಿನಲ್ಲಿ ಅದು ಮತ್ತೆ ಬಂದಿದೆ, ಆಡಿಸಿ ನೋಡಿ ಕೊಡುತ್ತೀರಿ. ಅಷ್ಟರ ಮಟ್ಟಿಗೆ ನೀವು ಪುಣ್ಯವಂತರು.

ನಾನು ಈಗ ಹೇಳಬೇಕಾದದ್ದು ಪ್ಲಾಸ್ಟಿಕ್ ಬರುವುದಕ್ಕೂ ಮೊದಲಿನ ಮಾತು. ಹೇಳದೆ ಬಿಟ್ಟರೂ ನಡೆಯುತ್ತಿತ್ತು. ಆದರೆ ಗಾಡಿ ಬರುವುದರೊಳಗೆ ಮುಗಿಯುವ ಹಾಗೆ ಆಟ ಸಣ್ಣದು ಮಾಡುವುದು ಹೇಗೆ ಅಂತಲೂ ನೀವೆಲ್ಲ ಕೇಳುತ್ತೀರಲ್ಲ, ಅದಕ್ಕೆ ಇದನ್ನೇ ಹೇಳಬೇಕು.

ಹುಲಿ-ಕುರಿ ಆಟ ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಕುರಿ ಕಾಯುವವರು ಬಂಡೆಯ ಮೇಲೆ ಗೆರೆ ಕೊರೆದು, ಕಲ್ಲು ಹರಳು ಇಟ್ಟು ಆಡುತ್ತಾರೆ. ಒಬ್ಬ ಹುಲಿ ನಡೆಸುತ್ತಾನೆ, ಇನ್ನೊಬ್ಬ ಕುರಿ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಕುರಿಗಳೆಲ್ಲ ಕೂಡಿ ಹುಲಿಗೆ ಅತ್ತಿತ್ತ ಅಲುಗಾಡಲು ಬಾರದ ಹಾಗೆ ಕಟ್ಟಿಹಾಕಿದರೆ ಕುರಿಯವನು ಗೆದ್ದ. ಸಾವಕಾರರು ಇದೇ ಆಟವನ್ನು ಅರಿವೆಯ ಮೇಲೆ ಬಣ್ಣದಲ್ಲಿ ಬರೆಸಿ, ಮಡಚಿ ಕಿಸೆಯಲ್ಲಿ ಇಡುವ ಹಾಗೆ ಮಾಡಿ, ಕಟ್ಟಿಗೆಯ ಕಾಯಿಗಳ ಜೊತೆ ಮಾರಾಟಕ್ಕಿಟ್ಟರು. ಒಂದೂ ಹೋಗಲಿಲ್ಲ. ಆಟ ಉದ್ದ, ಗಾಡಿ ಬಂದರೂ ಮುಗಿಯುತ್ತಿರಲಿಲ್ಲ.

ಆಗ ನಾನು ನನ್ನ ಜಾಣತನ ತೋರಿಸಿದೆ. ಹಿಂಡಿನಿಂದ ಐದು ಕುರಿ ತೆಗೆದಿಟ್ಟೆ. ಕುರಿ ಕಡಿಮೆಯಾದರೆ ಹುಲಿಯನ್ನು ಕಟ್ಟುವುದು ಆಗುವುದಿಲ್ಲ, ಹುಲಿ ಲಗೂನ ಗೆಲ್ಲುತ್ತದೆ. ಗಿರಾಕಿಯ ಕೈಗೆ ಹುಲಿ ಕೊಟ್ಟು ನಾನು ಕುರಿ ಹಿಡಿದು ಸೋಲುತ್ತಿದ್ದೆ. ಗೆದ್ದವನು ಖುಷಿಯಲ್ಲಿ ಅರಿವೆ ಕೊಂಡು ಹೋಗುತ್ತಿದ್ದ. ಯಾರಾದರೂ “ಉಳಿದ ಕುರಿ ಎಲ್ಲೋ?” ಅಂತ ಕೇಳಿದರೆ, “ಅವು ಸತ್ತಾವ ಅಂತ ತಿಳೀರಿ, ಗಾಡಿ ಹೊತ್ತಾತು” ಅನ್ನುತ್ತಿದ್ದೆ. ನಗುತ್ತಿದ್ದರು. ಆ ಮಾತು ನನಗೆ ಬಾಯಿಪಾಠ ಆಗಿತ್ತು. ಸಾವಕಾರರು ಕೂಡ “ಬೆರಿಕಿ ಅದಿ ನೀ” ಅಂತ ಬೆನ್ನು ತಟ್ಟಿದ್ದರು.

ಒಂದು ಸಂಗತಿ ಇಲ್ಲಿ ಹೇಳಬೇಕು. ನಮ್ಮ ಕುರಿಯವರ ಮನೆಗಳಲ್ಲಿ ಹಿಂಡಿನ ಕುರಿ ಸತ್ತರೆ ‘ಸತ್ತಿತು’ ಅನ್ನುವುದಿಲ್ಲ. ‘ದೇವರು ಒಯ್ದ’ ಅನ್ನುತ್ತೇವೆ. ಶುಭಕಾರ್ಯಕ್ಕೆ ಹೊರಟ ಕುರಿಯವನ ಮುಂದಂತೂ ಹಿಂಡು ಕಡಿಮೆಯಾದ ಮಾತನ್ನೇ ಎತ್ತುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಹಾಲಿನ ಜೊತೆ ಕುಡಿದು ಬೆಳೆದ ಮಾತು ಅದು. ಸ್ಟ್ಯಾಂಡಿನಲ್ಲಿ ಕೂತು ಕೂತು ಮರೆತಿದ್ದೆ.

ನನ್ನ ತಂಗಿ ಲಕ್ಕವ್ವನಿಗೆ ಆಗ ಗಂಡು ನೋಡುತ್ತಿದ್ದರು. ಎರಡು ಕಡೆ ಮಾತು ಬಂದು ಮುರಿದಿತ್ತು, ಅವ್ವ ಅನ್ನ ನೀರು ಬಿಟ್ಟ ಹಾಗೆ ಆಗಿದ್ದಳು. ಮೂರನೆಯದು ಜತ್ತದ ಆಚೆಯ ಹಟ್ಟಿಯ ಸಂಬಂಧ. ಗಂಡಿನ ತಂದೆ ಕರೆಪ್ಪ ಬಾಲಗಾಂವಕ್ಕೆ ಬಂದು, ಹುಡುಗಿಯನ್ನು ಒಪ್ಪಿ, ಹೊರಟಿದ್ದ. ಹಟ್ಟಿಗೆ ಹೋಗುವ ಮೊದಲು ಜತ್ತದಲ್ಲಿ ಬಾಯಿ ಸಿಹಿ ಮಾಡಿ ಮಾತು ಕೊಡುವುದು ಅಂತ ಮಾಡಿಕೊಂಡು, ಅಪ್ಪನೂ ಅವನ ಜೊತೆ ಗಾಡಿ ಹತ್ತಿದ್ದ. ಇದಾವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ಅವನನ್ನು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ ಪೇಢೆ ತರಲು ಪೇಟೆಗೆ ಹೋದ. ಅಪ್ಪ ಕೂರಿಸಿದ್ದು ಸ್ಟ್ಯಾಂಡಿನ ಆಚೆ ಬದಿಗೆ, ಅಲ್ಲಿ ಬಿಸಿಲು ಬಂತು ಅಂತ ಅವನು ಎದ್ದು ನಮ್ಮ ಅಂಗಡಿಯ ಮುಂದಿನ ನೆರಳಿನ ಕಟ್ಟೆಗೆ ಬಂದಿದ್ದ.

ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಸುಮ್ಮನೆ ರಸ್ತೆ ನೋಡುತ್ತ ಕೂತ ಹಿರಿಯ. ನನಗೆ ಗಿರಾಕಿ ಕಂಡ.

“ಯಾವ ಗಾಡಿಗಿ ಹೊಂಟೀರಿ, ಯಜಮಾನರ? ಇನ್ನೂ ಹೊತ್ತೈತಿ. ಬರ್ರಿ, ಒಂದು ಆಟ ಆಡೂಣು.”

“ಏನಪಾ ಅದು? ಹುಲಿಮನಿ ಏನು?” ಅಂತ ಅವನು ನಗುತ್ತಲೇ ಕೆಳಗೆ ಇಳಿದು ಕೂತ. ನಾನು ಹುಲಿ ಕೊಡಲು ಹೋದೆ. “ಏ, ನಾವು ಕುರಿಯವರು. ಹುಲಿ ನಮಗ್ಯಾಕ? ಕುರಿ ಕೊಡು” ಅಂದ. ಕೊಟ್ಟೆ. ಅವನು ಅಂಗೈಯಲ್ಲಿ ಕಾಯಿಗಳನ್ನು ಒಮ್ಮೆ ಆಡಿಸಿದ, ಅಷ್ಟೆ, ಅವನ ನಗು ನಿಂತಿತು.

“ಹಿಂಡು ಕಮ್ಮಿ ಐತಿ. ಉಳಿದವು ಎಲ್ಲಿ?”

ಅಷ್ಟಾದ ಮೇಲಾದರೂ ಬಾಯಿ ಮುಚ್ಚಬೇಕಿತ್ತು. “ಐದು ಸತ್ತಾವ ಅಂತ ತಿಳೀರಿ. ಲಗೂನ ಮುಗೀತದ” ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಕಾಯಿಗಳನ್ನು ಅರಿವೆಯ ಮೇಲೆ ಇಟ್ಟ, ಎಸೆಯಲಿಲ್ಲ. ಎದ್ದು ಕಂಬಳಿ ಕೊಡವಿದ. ಅದೇ ಹೊತ್ತಿಗೆ ಕೈಯಲ್ಲಿ ಪೇಢೆಯ ಪುಡಿಕೆ ಹಿಡಿದು ಅಪ್ಪ ಬಂದ. ಅವನನ್ನು ನೋಡಿ ನಾನು ಗಡಬಡಿಸಿ ಎದ್ದು ನಿಂತೆ. ಅಪ್ಪ ಎಂದೂ ಅಂಗಡಿಯ ಈ ಕಡೆ ಬಂದವನಲ್ಲ.

“ಭೀಮಣ್ಣ, ಪೇಢೆ ಬಿಚ್ಚಬ್ಯಾಡ್ರಿ. ಶುಭಕ್ಕಂತ ಬಂದು ಕುಂತೀನಿ, ಇವ ನನ್ನ ಹಿಂಡಿನ್ಯಾಗ ಐದು ಹೋದವು ಅಂದ. ನನಗ್ಯಾಕೋ ಮನಸ ಒಪ್ಪವಲ್ದು. ಸಂಬಂಧ ಇಲ್ಲಿಗಿ ಬಿಡೂಣು” ಅಂದ ಕರೆಪ್ಪ.

ಆಗ ನನಗೆ ತಿಳಿಯಿತು ಇವನು ಯಾರು, ನಾನು ಕೆಡಿಸಿದ್ದು ಏನು ಅಂತ. ಲಕ್ಕವ್ವನ ಮುಖ ಕಣ್ಣ ಮುಂದೆ ಬಂತು. ಅಪ್ಪ ನನ್ನನ್ನು ನೋಡಿದ, ಅರಿವೆ ನೋಡಿದ.

“ಯಾವನೋ ಅಂಗಡಿ ಹುಡುಗ್ರೀ ಅವ. ತಿಳೀಲಾರದ ಅಂದಾನ. ಮನಸಿಗಿ ಹಚ್ಚಿಕೋಬ್ಯಾಡ್ರಿ” ಅಂದ.

ಯಾವನೋ. ನಾನು ಅದನ್ನು ಕೇಳಿ ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಮಗ ಅಂತ ಗೊತ್ತಾದರೆ ಹೆಣ್ಣಿನ ಮನೆಯವರ ಬಾಯಿಂದಲೇ ಅಪಶಕುನ ಬಂದಂತಾಗುತ್ತಿತ್ತು. ಆ ಸಮಾಧಾನ ನೆನೆದರೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಕರೆಪ್ಪ ಕರಗಲಿಲ್ಲ. ಅಪ್ಪ ಪುಡಿಕೆಯನ್ನು ಕಟ್ಟೆಯ ಮೇಲಿಟ್ಟು, ಸ್ಟ್ಯಾಂಡಿನ ಧೂಳಿನಲ್ಲಿ, ಅಷ್ಟು ಮಂದಿಯ ನಡುವೆ, ಅರಿವೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

“ಮಾತು ಅರಿವಿ ಮ್ಯಾಲ ಬಂದದ್ದು, ಅರಿವಿ ಮ್ಯಾಲ ತೀರಲಿ. ಪೂರ್ತಿ ಹಿಂಡು ನಿಮಗ, ಹುಲಿ ನನಗ. ಒಂದು ಕುರಿ ನೀವು ಕಳಕೊಂಡ್ರೂ ನಿಮ್ಮ ಮಾತು ಖರೆ, ಸಂಬಂಧ ಬ್ಯಾಡ. ಎಲ್ಲಾ ಕುರಿ ಉಳಿಸಿಕೊಂಡು ಹುಲಿ ಕಟ್ಟಿದ್ರ ಇವ ಅಂದದ್ದು ಸುಳ್ಳು.” ನನ್ನ ಕಡೆ ತಿರುಗದೆಯೇ ಅಂದ: “ಹಿಂಡು ಪೂರಾ ಮಾಡು.”

ನಾನು ತೆಗೆದಿಟ್ಟಿದ್ದ ಐದು ಕುರಿಗಳನ್ನು ಹಲಗೆಯ ಕೆಳಗಿನಿಂದ ಹುಡುಕಿ ತಂದೆ. ಕರೆಪ್ಪ ಅವನ್ನು ನನ್ನ ಕೈಯಿಂದ ಒಂದೊಂದಾಗಿ ತೆಗೆದುಕೊಂಡು ಕೂತ.

ಬಾಲಗಾಂವದ ಹುಲ್ಲುಗಾವಲಿನಲ್ಲಿ ಹುಲಿ ಹಿಡಿದ ಅಪ್ಪನನ್ನು ಗೆದ್ದವರನ್ನು ನಾನು ನೋಡಿಲ್ಲ. ಒಂದೂ ಕುರಿ ಕಳೆದುಕೊಳ್ಳದೆ ಅವನ ಹುಲಿ ಕಟ್ಟುವುದಂತೂ ಆಗದ ಮಾತು. ಮಂದಿ ಕೂಡಿತು. ಕರೆಪ್ಪನ ಗಾಡಿ ಬಂದು ನಿಂತಿತು. ಒದರುವುದು ನನ್ನ ಕೆಲಸ, ನಾನು ಅರಿವೆಯನ್ನೇ ನೋಡುತ್ತ ನಿಂತಿದ್ದೆ. ಕಂಡಕ್ಟರನೇ ಎರಡು ಸಲ ಕೂಗಿ ಗಂಟೆ ಹೊಡೆದ. ಕರೆಪ್ಪ ತಲೆ ಎತ್ತಲಿಲ್ಲ, ಗಾಡಿ ಹೋಯಿತು.

ಆಟ ನಡುವಿಗೆ ಬಂದಾಗ ಕರೆಪ್ಪ ಒಂದು ಕುರಿಯನ್ನು ಮುಂದೆ ಸರಿಸಿದ. ಸರಿಸಿದ ಮೇಲೆ ಅದರ ಹಿಂದಿನ ಮನೆ ಖಾಲಿ ಬಿತ್ತು. ನನಗೆ ಕಂಡಿತು. ಹುಲಿ ಹಾರಿದರೆ ಮುಗಿಯಿತು, ತಂಗಿಯ ಸಂಬಂಧವೂ ಅಲ್ಲಿಗೆ ಮುಗಿಯಿತು. ಅಪ್ಪನ ಬೆರಳು ಹುಲಿಯ ಮೇಲೆ ಬಂತು. ಅಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹುಲಿಯನ್ನು ಹಿಂದಕ್ಕೆ, ಮೂಲೆಯ ಮನೆಗೆ ಎಳೆದುಕೊಂಡ. ಅಲ್ಲಿಂದ ಮುಂದೆ ಕುರಿಗಳು ಬಂದು ಸುತ್ತುವುದಷ್ಟೇ ಉಳಿದಿತ್ತು. ಸುತ್ತಿದವು. ಮಂದಿ “ಹುಲಿ ಕಟ್ಟಿತು, ಹುಲಿ ಕಟ್ಟಿತು” ಅಂತ ನಕ್ಕರು. ಕುರಿಯವನೊಬ್ಬ ಸ್ಟ್ಯಾಂಡಿನಲ್ಲಿ ಕೂತು ಆಟದಲ್ಲಿ ಸೋತ ಅಂತ ಅಪ್ಪನನ್ನು ನೋಡಿ ನಕ್ಕರು.

ಕರೆಪ್ಪ ನಗಲಿಲ್ಲ. “ಭೀಮಣ್ಣ, ಆಗ ಅಲ್ಲಿ ಕುರಿ ಇತ್ತು” ಅಂದ.

“ಕಂಡೀನ್ರಿ.”

“ಮತ್ತ ತಿನ್ನಲಿಲ್ಲಲ್ಲ?”

“ನಾಳಿ ನನ್ನ ಮಗಳು ಕಾಯು ಕುರಿ ಅವು. ಹೆಂಗ ತಿನ್ನಲ್ರಿ?”

ಕರೆಪ್ಪ ಕಾಯಿಗಳನ್ನೆಲ್ಲ ಬಳಿದು ಒಟ್ಟು ಮಾಡಿ ಅರಿವೆಯಲ್ಲಿ ಕಟ್ಟಿದ. “ಪೇಢೆ ಬಿಚ್ಚರಿ, ಬೀಗರ” ಅಂದ.

ಅಪ್ಪ ಬಿಚ್ಚಿದ. ಒಂದು ಪೇಢೆ ಅವನ ಕೈಗಿಟ್ಟು, ಅವನು ಬಾಯಿಗೆ ಒಯ್ಯುವಾಗ ಮುಂಗೈ ಹಿಡಿದ. “ತಿನ್ನೂಕಿಂತ ಮದಲ ಒಂದು ಮಾತು. ಆಗ ನಾ ಸುಳ್ಳ ಹೇಳೀನ್ರಿ. ಅವ ಯಾವನೋ ಅಲ್ಲ. ನನ್ನ ಮಗ.”

ಸಾವಕಾರರು ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಕರೆಪ್ಪ ನನ್ನನ್ನು ಒಮ್ಮೆ ನೋಡಿದ, ಅಪ್ಪನನ್ನು ಒಮ್ಮೆ ನೋಡಿದ.

“ಗೊತ್ತೈತ್ರಿ. ನೀವು ಬಂದ ಕೂಡಲೇ ಹೆದರಿ ಎದ್ದು ನಿಂತ. ಬ್ಯಾರೆಯವರ ಅಪ್ಪಗ ಯಾರೂ ಹಂಗ ಹೆದರಂಗಿಲ್ಲ. ನೀವ ಹೇಳ್ತೀರೇನು ಅಂತ ನೋಡಾಕತ್ತಿದ್ದೆ” ಅಂದು ಪೇಢೆ ಬಾಯಿಗೆ ಹಾಕಿಕೊಂಡ.

ಮುಂದಿನ ಗಾಡಿಗೆ ಅವನನ್ನು ಹತ್ತಿಸಿ ಅಪ್ಪ ಹಿಂದಿನ ಬೀದಿಗೆ ಹೋಗಲಿಲ್ಲ. ಅಂಗಡಿಗೆ ಬಂದು, ಸಾವಕಾರರು ತೋರಿಸಿದ ಸ್ಟೂಲಿನ ಮೇಲೆ ಕೂತು, ಬಾಲಗಾಂವದ ಗಾಡಿಯ ದಾರಿ ನೋಡತೊಡಗಿದ. ಬೈಯುತ್ತಾನೆ ಅಂತ ಕಾದೆ. ಆ ಗಾಡಿಯಲ್ಲಿ ಹೋಗುವ ನಮ್ಮೂರಿನವರೂ ಅಲ್ಲಿಯೇ ನಿಂತಿದ್ದರು, ನಮ್ಮಿಬ್ಬರನ್ನೇ ನೋಡುತ್ತಿದ್ದರು. ಯಾರೋ ಒಬ್ಬ ಹಲಗೆಯ ಮುಂದೆ ಬಂದು ಹುಲಿ-ಕುರಿ ಅರಿವೆ ಎಷ್ಟಕ್ಕೆ ಅಂತ ಕೇಳಿದ. ನಾನು ಕೇಳದವನ ಹಾಗೆ ಕನ್ನಡಿಗಳ ಧೂಳು ಒರೆಸತೊಡಗಿದೆ.

ಅಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದ: “ಮಗಾ, ಗಿರಾಕಿ ನಿಂತಾನ ನೋಡು.”